ರಾಜ್ಯಸಭೆಯ ‘ಉಪಸಭಾಧ್ಯಕ್ಷ’ರನ್ನು ಕನ್ನಡದಲ್ಲಿ ಏನಂತ ಕರೆಯೋಣ?

ರಾಜ್ಯಸಭೆಯ ಒಂದು ಚರ್ಚೆಯನ್ನು ಹಿಂದಿಯಿಂದ ಕನ್ನಡಕ್ಕೆ ತರುತ್ತಿದ್ದೇನೆ. ಸದಸ್ಯರೊಬ್ಬರು ‘ಉಪಸಭಾಧ್ಯಕ್ಷ ಮಹೋದಯ್’ ಅಂತ ಮಾತು ಶುರು ಮಾಡುತ್ತಾರೆ. ಪದ ನೋಡಿದರೆ ನಮ್ಮದೇ, ಸುಮ್ನೆ ಎತ್ತಿಟ್ಟರೆ ಆಯ್ತು ಅನ್ನಿಸುತ್ತದೆ. ಆದರೆ ಹಾಗೆ ಮಾಡಿದರೆ ಅರ್ಥ ಮೇಲ್ಮನೆಯಿಂದ ಕೆಳಮನೆಗೆ ಇಳಿದುಬಿಡುತ್ತದೆ. ಕನ್ನಡದಲ್ಲಿ ಉಪಸಭಾಧ್ಯಕ್ಷ ಅಂದರೆ ವಿಧಾನಸಭೆಯ ಡೆಪ್ಯುಟಿ ಸ್ಪೀಕರ್ ತಾನೆ? ಹಿಂದಿಯವರು ಲೋಕಸಭೆಯ ಡೆಪ್ಯುಟಿ ಸ್ಪೀಕರ್‌ಗೆ ‘ಉಪಾಧ್ಯಕ್ಷ’ ಅನ್ನುತ್ತಾರೆ. ರಾಜ್ಯಸಭೆಯ ವೈಸ್ ಚೇರ್ಮನ್‌ಗೆ ‘ಉಪಸಭಾಧ್ಯಕ್ಷ’.

ಹಾಗಾದರೆ ‘ಉಪಸಭಾಪತಿ’ ಅಂತ ಹಾಕಿಬಿಡೋಣ ಅಂದರೆ ಅದೂ ಆಗದು. ಉಪಸಭಾಪತಿ ಡೆಪ್ಯುಟಿ ಚೇರ್ಮನ್, ಒಬ್ಬರೇ. ಉಪರಾಷ್ಟ್ರಪತಿ ಹುದ್ದೆಯ ಬಲದಿಂದ ಸಭಾಪತಿ ಆಗುತ್ತಾರೆ, ಅವರು ಸದನದ ಸದಸ್ಯರೇ ಅಲ್ಲ. ಉಪಸಭಾಪತಿಯನ್ನು ಸದನವೇ ತನ್ನ ಸದಸ್ಯರಲ್ಲಿ ಒಬ್ಬರನ್ನು ಆರಿಸಿ ಕೂರಿಸುತ್ತದೆ. 1952ರಲ್ಲಿ ಮೊದಲು ಕೂತವರು ನಮ್ಮ ಮೈಸೂರು ರಾಜ್ಯದ ಎಸ್.ವಿ. ಕೃಷ್ಣಮೂರ್ತಿ ರಾವ್. 2004ರಿಂದ 2012ರವರೆಗೆ ಇದ್ದ ಕೆ. ರೆಹಮಾನ್ ಖಾನ್ ಕೂಡ ಕರ್ನಾಟಕದವರೇ. ಉಪಸಭಾಪತಿಯನ್ನು ಇಳಿಸಬೇಕಾದರೆ 14 ದಿನ ಮೊದಲೇ ನೋಟಿಸ್ ಕೊಡಬೇಕು, ಆ ಹೊತ್ತಿಗೆ ಸದನಕ್ಕಿರುವ ಒಟ್ಟು ಸದಸ್ಯರ ಬಹುಮತ ಬೇಕು. ಸಭಾಪತಿ ಹುದ್ದೆ ಖಾಲಿಯಾದರೆ ಸಂವಿಧಾನದ 91ನೇ ವಿಧಿಯ ಪ್ರಕಾರ ಆ ಕೆಲಸವೆಲ್ಲ ಇವರ ಹೆಗಲಿಗೆ. 2025ರ ಜುಲೈನಲ್ಲಿ ಉಪರಾಷ್ಟ್ರಪತಿ ಜಗದೀಪ್ ಧನಕರ್ ರಾಜೀನಾಮೆ ಕೊಟ್ಟ ಮೇಲೆ, ಸೆಪ್ಟೆಂಬರ್‌ನಲ್ಲಿ ಸಿ.ಪಿ. ರಾಧಾಕೃಷ್ಣನ್ ಬರುವ ತನಕ ಆಗಿನ ಉಪಸಭಾಪತಿ ಹರಿವಂಶ್ ಮಾಡಿದ್ದು ಅದನ್ನೇ.

ವೈಸ್ ಚೇರ್ಮನ್‌ಗಳದ್ದು ಈ ಗತ್ತಲ್ಲ. ಸಭಾಪತಿಯೇ ಕೆಲವು ಸದಸ್ಯರನ್ನು ಹೆಸರಿಸಿ ಒಂದು ಪ್ಯಾನಲ್ ಮಾಡುತ್ತಾರೆ. ಸಭಾಪತಿ, ಉಪಸಭಾಪತಿ ಇಬ್ಬರೂ ಎದ್ದು ಹೋದಾಗ ಇವರಲ್ಲೊಬ್ಬರು ಪೀಠದಲ್ಲಿ ಕೂರುತ್ತಾರೆ. 2022ರ ಡಿಸೆಂಬರ್‌ನಲ್ಲಿ ಪಿ.ಟಿ. ಉಷಾ ಸೇರಿದ್ದು ಈ ಪ್ಯಾನಲ್‌ಗೆ. ಅವರನ್ನು ಉಪಸಭಾಪತಿ ಅಂದರೆ ತಪ್ಪಾಗುತ್ತದೆ, ಆಗ ಆ ಹುದ್ದೆಯಲ್ಲಿದ್ದವರು ಹರಿವಂಶ್.

‘ಹಂಗಾಮಿ ಸಭಾಪತಿ’ ಅಂದರೆ? ಕಿವಿಗೆ ಚೆನ್ನಾಗಿದೆ, ಆದರೆ ಅದಕ್ಕೂ ಬೇರೆ ಒಡೆಯರಿದ್ದಾರೆ. ಎರಡೂ ಹುದ್ದೆ ಖಾಲಿ ಬಿದ್ದಾಗ ಪ್ಯಾನಲ್‌ನವರಿಗೆ ಪೀಠ ಸಿಗುವುದಿಲ್ಲ. ರಾಷ್ಟ್ರಪತಿ ಒಬ್ಬ ಸದಸ್ಯರನ್ನು ನೇಮಿಸಬೇಕು. ರಾಜ್ಯದ ಮೇಲ್ಮನೆಯಾದರೆ ರಾಜ್ಯಪಾಲರು. 2022ರಲ್ಲಿ ಸಭಾಪತಿ ಬಸವರಾಜ ಹೊರಟ್ಟಿಯವರು ರಾಜೀನಾಮೆ ಕೊಟ್ಟಾಗ ನಮ್ಮ ವಿಧಾನ ಪರಿಷತ್ತಿನಲ್ಲಿ ರಘುನಾಥರಾವ್ ಮಲ್ಕಾಪುರೆ ಹಂಗಾಮಿ ಸಭಾಪತಿ ಆದದ್ದು ನೆನಪಿರಬಹುದು. ಆ ಪದವನ್ನು ಅದಕ್ಕೇ ಬಿಡುವುದು ಒಳ್ಳೆಯದು.

ಇನ್ನು ‘ಪೀಠಾಸೀನ ಅಧಿಕಾರಿ’. ಇದು ಎಲ್ಲರಿಗೂ ಒಪ್ಪುವ ಪದ, ಹಾಗಾಗಿ ಯಾರನ್ನೂ ಗುರುತಿಸುವುದಿಲ್ಲ. ಜೊತೆಗೆ ‘ಅಧಿಕಾರಿ’ ಅಂದಕೂಡಲೇ ನಮಗೆ ಕಚೇರಿ, ಫೈಲು, ಸೀಲು ಕಣ್ಣಿಗೆ ಬರುತ್ತದೆ, ಅಲ್ವಾ?

ಸದ್ಯಕ್ಕೆ ವಿವರಣೆ ಬರುವ ಕಡೆಯೆಲ್ಲ ‘ಪ್ಯಾನಲ್ ಸಭಾಪತಿ’ ಅಂತ ಬರೆಯುತ್ತಿದ್ದೇನೆ. ‘ಬದಲಿ ಸಭಾಪತಿ’ ಇನ್ನೂ ತಿಳಿಯಾಗಿದೆ, ಆದರೆ ಉಪಸಭಾಪತಿಯೂ ಒಂದು ಲೆಕ್ಕದಲ್ಲಿ ಬದಲಿಯೇ. ತೊಡಕು ಜಾಸ್ತಿ ಇರುವುದು ಮಾತಿನ ಭಾಗದಲ್ಲಿ. ‘ಮಾನ್ಯ ಪ್ಯಾನಲ್ ಸಭಾಪತಿಗಳೇ’ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ‘ಮಾನ್ಯ ಸಭಾಪತಿಗಳೇ’ ಅಂತ ಬರೆದರೆ ಉಪರಾಷ್ಟ್ರಪತಿಯೇ ಎದುರಿಗೆ ಕೂತಿದ್ದರು ಅಂತ ಓದುಗರು ತಿಳಿಯುತ್ತಾರೆ. ಇಂಗ್ಲಿಷ್ ವರದಿಯಲ್ಲಿ ಇದಕ್ಕೊಂದು ಉಪಾಯವಿದೆ. ಡೆಪ್ಯುಟಿ ಚೇರ್ಮನ್ ಮಾತಾಡಿದರೆ ಹುದ್ದೆ ಮಾತ್ರ ಅಚ್ಚಾಗಿರುತ್ತದೆ. ವೈಸ್ ಚೇರ್ಮನ್ ಆದರೆ ಪಕ್ಕದಲ್ಲೇ ಕಂಸದೊಳಗೆ ಅವರ ಹೆಸರೂ ಇರುತ್ತದೆ. ನಾನೂ ಮಾತಿನಲ್ಲಿ ‘ಸಭಾಪತಿಗಳೇ’ ಅಂತಲೇ ಇಟ್ಟು, ಪೀಠದಲ್ಲಿರುವವರು ಬದಲಾದ ಕಡೆ ಹೆಸರು ಹಾಕಿಬಿಡಲೇ? ಪರಿಷತ್ತಿನ ಕಲಾಪ ವರದಿ ಮಾಡಿ ಅಭ್ಯಾಸ ಇರುವವರು ಇಂಥ ಕಡೆ ಏನು ಬರೆಯುತ್ತೀರಿ, ಹೇಳಿ.