ಸಹಾಯ ಬೇಕು: ಕಾಫಿ ಕ್ಯೂರಿಂಗ್ ಘಟಕದ ಸಂದರ್ಶನಕ್ಕೆ ತಂಗಿಯ ತಯಾರಿ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಬಿ.ಎಸ್ಸಿ. ರಸಾಯನಶಾಸ್ತ್ರ ಮುಗಿಸಿರುವ ನನ್ನ ತಂಗಿಗೆ ಬರುವ ಸೋಮವಾರ ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ಘಟಕದಲ್ಲಿ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜವನ್ನು ದರ್ಜೆಯಂತೆ ವಿಂಗಡಿಸುವ ಕಡೆ) ಸಂದರ್ಶನವಿದೆ. ಹುದ್ದೆ ಗುಣಮಟ್ಟ ವಿಭಾಗದ ಸಹಾಯಕಿ. ನಮ್ಮ ಮನೆಯಲ್ಲಿ ಈ ಕೆಲಸ ಬಲ್ಲವರು ಯಾರೂ ಇಲ್ಲ.

ಓದು ಸಾಕಷ್ಟು ಆಗಿದೆ. ತಿರುಳು ತೆಗೆದು ಒಳಸಿಪ್ಪೆಯೊಂದಿಗೆ ಒಣಗಿಸಿದ ಬೀಜ, ಅಂದರೆ ಪಾರ್ಚ್‌ಮೆಂಟ್‌ನ ತೇವಾಂಶ ಶೇ. 10ಕ್ಕೆ, ರೊಬಸ್ಟಾ ಜಾತಿಯ ಚೆರಿಯದು (ಹಣ್ಣನ್ನು ಇಡಿಯಾಗಿ ಒಣಗಿಸಿದ್ದು) ಶೇ. 11ಕ್ಕೆ ಇಳಿಯಬೇಕು, ಜರಡಿಯ ಅಳತೆಯ ಮೇಲೆ ಎ, ಬಿ, ಸಿ ದರ್ಜೆ, ಹಣ್ಣಿನಲ್ಲಿ ಒಂದೇ ಆಗಿ ಬೆಳೆದ ಒಂಟಿ ಬೀಜಗಳು ಪಿ.ಬಿ. (ಪೀಬೆರಿ) ಎಂದು ಬೇರೆ, ಇವೆಲ್ಲ ಅವಳಿಗೆ ಬಾಯಿಪಾಠ.

ನನಗೆ ಚಿಂತೆ ಇರುವುದು ಕೈಕೆಲಸದ ಪರೀಕ್ಷೆಯದು. ತಟ್ಟೆಯಲ್ಲಿ ಬೀಜ ಹರಡಿ ದೋಷವಿರುವುದನ್ನು ಆರಿಸಲು ಹೇಳುತ್ತಾರಂತೆ. ನಿನ್ನೆ ಪರಿಚಯದವರ ತೋಟದಿಂದ ಒಂದು ಬೊಗಸೆ ತಂದು ಕಾಗದದ ಮೇಲೆ ಹರವಿಕೊಂಡು ಕುಳಿತೆವು. ಕಪ್ಪು ಬೀಜ, ಒಡೆದ ಬೀಜ ತಕ್ಷಣ ಸಿಕ್ಕವು. ಕಾಯಿಕೊರಕ ಹುಳು ಹೊಕ್ಕ ಬೀಜದ ತೂತು ಮಾತ್ರ ಸೂಜಿಮೊನೆಯಷ್ಟು. ಬೆಳಕಿಗೆ ಹಿಡಿದು ತಿರುಗಿಸಿದರೂ ಹಲವು ಕಣ್ತಪ್ಪಿದವು.

ಈ ಕೆಲಸದಲ್ಲಿ ಪಳಗಿದವರು ಬೇಗ ಗುರುತಿಸುವ ಬಗೆಯನ್ನು ತಿಳಿಸುವಿರಾ? ಕಪ್ ಟೇಸ್ಟಿಂಗ್ (ಕಾಫಿ ಮಾಡಿ ರುಚಿ, ಪರಿಮಳ ನೋಡುವ ಪರೀಕ್ಷೆ) ಬಗ್ಗೆಯೂ ಕೇಳುತ್ತಾರೆಯೇ? ಅವಳು ಕನ್ನಡ ಮಾಧ್ಯಮದವಳು. ವಿಷಯ ಚೆನ್ನಾಗಿ ಗೊತ್ತಿದ್ದೂ ಇಂಗ್ಲಿಷ್‌ನಲ್ಲಿ ತಡವರಿಸುತ್ತಾಳೆ, ಅದೇ ನನಗೆ ಸಂಕಟ. ಕನ್ನಡದಲ್ಲಿ ಉತ್ತರಿಸಲು ಅನುಮತಿ ಕೇಳಬಹುದೇ?

ಸಕಲೇಶಪುರ ಅಥವಾ ಮೂಡಿಗೆರೆ ಕಡೆ ಯಾರಾದರೂ ಅರ್ಧ ದಿನ ಬೀಜ ಆರಿಸುವವರ ಪಕ್ಕದಲ್ಲಿ ಅವಳನ್ನು ಕೂರಿಸಿಕೊಂಡರೆ ದೊಡ್ಡ ಉಪಕಾರ. ಶನಿವಾರ ನಾನೇ ಕರೆತರುತ್ತೇನೆ.