ಪದಚರ್ಚೆ: ಮೈಕು ‘ಚಟಗುಟ್ಟುತ್ತದೆ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಮನೆಯಲ್ಲೇ ಕಂಪ್ಯೂಟರಿಗೆ ಹಾಡು, ಪಾಠ ರೆಕಾರ್ಡ್ ಮಾಡುವವರಿಗಾಗಿ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಮೈಕಿನ ತೊಂದರೆಗಳ ಅಧ್ಯಾಯದಲ್ಲಿ ಸಿಕ್ಕಿಕೊಂಡಿದ್ದೇನೆ. ಇಂಗ್ಲಿಷಿನ ಕ್ರ್ಯಾಕಲ್, ಸ್ಟ್ಯಾಟಿಕ್, ಹಮ್, ಹಿಸ್ ಎಲ್ಲಕ್ಕೂ ‘ಗದ್ದಲ’ ಎಂದು ಬರೆದು ಮುಂದೆ ಹೋಗಲು ಮನಸ್ಸು ಒಪ್ಪುತ್ತಿಲ್ಲ. ಸ್ಟ್ಯಾಟಿಕ್‌ಗೆ ‘ಸ್ಥಾಯೀ’ ಎಂದರಂತೂ ಓದುಗರು ವಿಜ್ಞಾನದ ಪಾಠಕ್ಕೇ ಹೋಗಿಬಿಡುತ್ತಾರೆ.

ಸದ್ದು ಯಾವುದೆಂದು ತಿಳಿದರೆ ಅರ್ಧ ರಿಪೇರಿ ಆದಂತೆ. ಚಿಕ್ಕಮ್ಮ ದೇವರನಾಮ ಹಾಡಿ ಕಳಿಸಿದ್ದರು. “ನಡುನಡುವೆ ಒಗ್ಗರಣೆ ಸಾಸಿವೆ ಸಿಡಿದ ಹಾಗೆ ಕೇಳ್ಸುತ್ತೆ ಕಣೋ” ಅಂದರು. ಚಟ್, ಚಟ್, ಬಿಡಿಬಿಡಿಯಾಗಿ. ಇದೇ ಕ್ರ್ಯಾಕಲ್. ವೈರು ಅಲುಗಾಡಿಸಿದಾಗ ಮಾತ್ರ ಬಂದರೆ ಪಿನ್ನು ಸಡಿಲ. ಅವರದು ಅಲುಗಾಡಿಸದೆಯೂ ಬರುತ್ತಿತ್ತು. ನೋಡಿದರೆ ಮೈಕಿನ ಸ್ಯಾಂಪಲ್ ರೇಟ್ (ಸೆಕೆಂಡಿಗೆ ಸದ್ದನ್ನು ಎಷ್ಟು ಸಲ ಅಳೆಯುತ್ತದೆ ಎಂಬ ಲೆಕ್ಕ) 48,000 ಹರ್ಟ್ಸ್, ರೆಕಾರ್ಡಿಂಗ್ ತಂತ್ರಾಂಶದ್ದು 44,100. ಎರಡನ್ನೂ 48,000ಕ್ಕೆ ತಂದೆವು, ಸಾಸಿವೆ ನಿಂತಿತು. ನಿಲ್ಲದಿದ್ದರೆ ಬಫರ್, ಅಂದರೆ ಕಂಪ್ಯೂಟರು ಸದ್ದನ್ನು ಕ್ಷಣಕಾಲ ಕೂಡಿಟ್ಟುಕೊಳ್ಳುವ ಜಾಗ, ಹೆಚ್ಚಿಸಿ ನೋಡೋಣ ಅಂದುಕೊಂಡಿದ್ದೆ.

‘ಗುಂಯ್’ ಎಂದು ಒಂದೇ ಸಮನೆ ಬರುವ ಹಮ್ ಬೇರೆ. ಅದು ಹೆಚ್ಚಾಗಿ ಮನೆಯ 50 ಹರ್ಟ್ಸ್ ಕರೆಂಟಿನದು. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿದರೆ ಗೊತ್ತಾಗುತ್ತದೆ. ಮೈಕ್ ಬೂಸ್ಟ್ (ಮೈಕಿನ ಸದ್ದನ್ನು ಹಿಗ್ಗಿಸುವ ಸೆಟ್ಟಿಂಗು) ಏರಿಸಿಟ್ಟಾಗಿನ ‘ಸುಂಯ್’ಗೆ, ಅಂದರೆ ಹಿಸ್‌ಗೆ, ಬೂಸ್ಟ್ ಇಳಿಸಿ ಮೈಕನ್ನು ಬಾಯಿಯ ಹತ್ತಿರ ತಂದರಾಯಿತು.

ಸದ್ದನ್ನು ಅನುಕರಿಸುವ ಪದಗಳಿಗೆ, ಅಂದರೆ ಅನುಕರಣಾವ್ಯಯಗಳಿಗೆ, ನಮ್ಮಲ್ಲಿ ಬರವಿಲ್ಲ. ‘ಚಟಚಟ ಅನ್ನುತ್ತೆ’ ಎಂದರೆ ಯಾರಿಗೂ ಅರ್ಥವಾಗುತ್ತದೆ. ತೊಡಕಿರುವುದು ನಾಮಪದದಲ್ಲಿ. ‘ಕರಕರ’ ಹೋಗಿ ‘ಕರಕರೆ’ ಆದರೆ ಕಾಟ ಎಂಬ ಅರ್ಥ ಬಂತು. ‘ಚಟಪಟ’ಕ್ಕೆ ಬೇಗಬೇಗ ಎಂಬ ಛಾಯೆ ಮೊದಲೇ ಅಂಟಿದೆ. ‘ಪಿಸುಗುಟ್ಟು’ ಇರುವ ಹಾಗೆ ‘ಚಟಗುಟ್ಟು’, ‘ಗುಂಯ್‌ಗುಟ್ಟು’ ಮಾಡಿಕೊಂಡು, ತಲೆಬರಹವನ್ನೇ “ನಿಮ್ಮ ಮೈಕು ಚಟಗುಟ್ಟುತ್ತಿದೆಯೇ?” ಎಂದು ಇಡುವುದು ನನಗೆ ಹಿಡಿಸಿದೆ. ‘ಚಟಗುಟ್ಟುವಿಕೆ’ ಮಾತ್ರ ಬೇಡ, ನಾಲಿಗೆ ಹೊರಳುವುದಿಲ್ಲ.

ಧಾರವಾಡದ ಕಡೆ, ಕರಾವಳಿಯ ಕಡೆ ಈ ಚಟಚಟ ಸದ್ದಿಗೆ ಏನನ್ನುತ್ತೀರಿ? ಜಾತ್ರೆ, ಮದುವೆಗಳಿಗೆ ಮೈಕ್‌ಸೆಟ್ಟು ಹಾಕುವವರು ಯಾರಾದರೂ ಪರಿಚಯವಿದ್ದರೆ, ವೈರು ಸಡಿಲವಾದಾಗ ಅವರ ಬಾಯಲ್ಲಿ ಬರುವ ಮಾತು ಯಾವುದೆಂದು ಕೇಳಿ ತಿಳಿಸಿ. ಅವರು ಬಳಸುವ ಪದ ಸಿಕ್ಕರೆ ನನ್ನದನ್ನು ಬಿಟ್ಟು ಅದನ್ನೇ ಹಾಕುತ್ತೇನೆ.