ಗ್ರೆಗೋರಿಯನ್ ಗಾಯನ: ಶ್ರುತಿ ಇಳಿಯದ ಹಾಗೆ ಕೀರ್ತನೆ ಹಾಡುವುದು ಹೇಗೆ?

ಶ್ರುತಿಪೆಟ್ಟಿಗೆ:
ನಮ್ಮದು ಗ್ರೆಗೋರಿಯನ್ ಗಾಯನ, ಅಂದರೆ ಕ್ಯಾಥೊಲಿಕ್ ಚರ್ಚಿನ ಹಳೆಯ ಲ್ಯಾಟಿನ್ ಹಾಡು, ಹಾಡುವ ಆರು ಜನರ ಗುಂಪು, ವಾದ್ಯ ಇಲ್ಲ. ಸಂಜೆಯ ಪ್ರಾರ್ಥನೆಗೆ ಬೈಬಲಿನ ಕೀರ್ತನೆಗಳನ್ನು ಲ್ಯಾಟಿನ್‌ನಲ್ಲಿ, ಚರ್ಚಿನ ಎಂಟು ಧಾಟಿಗಳ ಪೈಕಿ ಎಂಟನೆಯದರಲ್ಲಿ ಹಾಡಬೇಕು. ಇರುವುದು ನಾಲ್ಕು ಗೆರೆ, ಚೌಕ ಗುರುತುಗಳ ಪುಸ್ತಕ. ಶ್ರುತಿ ಎಲ್ಲಿ ಹಿಡಿಯಬೇಕು? ಹತ್ತು ಚರಣ ಮುಗಿಯುವಷ್ಟರಲ್ಲಿ ಅರ್ಧ ಸ್ವರ ಇಳಿದಿರುತ್ತದೆ, ಯಾಕೆ? ಇದನ್ನೆಲ್ಲ ರಚಿಸಿದ್ದು ಪೋಪ್ ಗ್ರೆಗೋರಿ ಅನ್ನುವುದು ನಿಜವೇ?

ನಾಲ್ಕುಗೆರೆ:
ಸಾಲಿನ ಎಡತುದಿಯಲ್ಲಿ ಇಂಗ್ಲಿಷ್ 'ಸಿ' ಥರದ ಗುರುತು ಯಾವ ಗೆರೆಯ ಮೇಲೆ ಕೂತಿದೆಯೋ ಆ ಗೆರೆ ದೋ (ದೋ-ರೇ-ಮಿ-ಫಾ-ಸೋಲ್-ಲಾ-ಸಿ ಎಂಬ ಪಾಶ್ಚಾತ್ಯ ಸ್ವರಗಳಲ್ಲಿ ಮೊದಲನೆಯದು). ಅದು ಹೇಳುವುದು ಅಷ್ಟೇ. ಹಾರ್ಮೋನಿಯಂನ ಇಂಥದೇ ಮನೆ ಅಂತ ಕಟ್ಟಳೆ ಇಲ್ಲ. ಎಂಟನೇ ಧಾಟಿಯಲ್ಲಿ ಚರಣದ ಬಹುಪಾಲು ದೋ ಮೇಲೇ ನಡೆಯುವುದರಿಂದ, ಆ ದೋವನ್ನು ಎ ಅಥವಾ ಬಿ ಫ್ಲಾಟ್ ಮನೆಗೆ ಇಟ್ಟುಕೊಂಡರೆ ಹೆಚ್ಚಿನ ಗಂಟಲುಗಳಿಗೆ ಹಿತ.

ಒಂದು ಚರಣ ಬಿಡಿಸಿ ನೋಡೋಣ:
ದೀ-ಕ್ಸಿತ್ ದೋ-ಮಿ-ನುಸ್ ದೋ-ಮಿ-ನೋ ಮೇ-ಓ * ಸೇ-ದೆ ಆ ದೆಕ್ಸ್-ತ್ರಿಸ್ ಮೇ-ಇಸ್

'ದೀ' ಸೋಲ್, 'ಕ್ಸಿತ್' ಲಾ, ಆಮೇಲೆ ಎಲ್ಲ ದೋ. ನಕ್ಷತ್ರದ ಮುಂಚಿನ 'ಮೇ' ರೇಗೆ ಏರಿ 'ಓ' ದೋಗೆ ಮರಳುತ್ತದೆ. ಎರಡನೇ ಅರ್ಧದಲ್ಲಿ 'ಸೇ-ದೆ ಆ' ದೋ, 'ದೆಕ್ಸ್' ಸಿ (ದೋಗೆ ತಾಗಿದ ಕೆಳಗಿನ ಸ್ವರ), 'ತ್ರಿಸ್' ದೋ, 'ಮೇ' ಲಾ, 'ಇಸ್' ಸೋಲ್. ಆರಂಭದ ಸೋಲ್-ಲಾ ಏರಿಕೆ ಮೊದಲ ಚರಣಕ್ಕೆ ಮಾತ್ರ. ಎರಡನೆಯದರಿಂದ ನೇರ ದೋ. ಮಾಗ್ನಿಫಿಕಾತ್‌ಗೆ (ಸಂಜೆಯ ಪ್ರಾರ್ಥನೆಯಲ್ಲಿ ಹಾಡುವ ಮರಿಯಳ ಸ್ತುತಿಗೀತೆ) ಮಾತ್ರ ಪ್ರತಿ ಚರಣಕ್ಕೂ ಏರಿಕೆ ಬೇಕು.

ಶ್ರುತಿ ಬೀಳುವುದು ಹೆಚ್ಚಾಗಿ ಆ 'ದೆಕ್ಸ್' ಹತ್ತಿರವೇ. ದೋದಿಂದ ಸಿಗೆ ಅರ್ಧ ಸ್ವರದ ಅಂತರ. ಅದನ್ನು ಅಗಲ ಮಾಡಿ ಕೆಳಗಿಳಿದವರು ಮರಳಿ ಪೂರಾ ಏರುವುದಿಲ್ಲ, ಮುಂದಿನ ಚರಣ ಆ ತಗ್ಗಿನಿಂದಲೇ ಶುರುವಾಗುತ್ತದೆ. ಸಿಯನ್ನು ದೋಗೆ ಅಂಟಿಸಿಯೇ ಹಾಡಿ. ಒಂದೇ ಸ್ವರದಲ್ಲಿ ಉದ್ದ ಸಾಲು ಬಂದಾಗ ಉಸಿರು ಸಡಿಲವಾಗುವುದೂ ಇನ್ನೊಂದು ಕಾರಣ. ಅಲ್ಲಿ ಸ್ವರ ಹಿಡಿದು ನಿಲ್ಲಬೇಡಿ, ಮಾತನ್ನು ಮುಂದಕ್ಕೆ ತಳ್ಳಿ.

ನಕ್ಷತ್ರದ ಹತ್ತಿರ ಎಲ್ಲರೂ ಒಟ್ಟಿಗೆ ನಿಂತು ಉಸಿರು ತೆಗೆದುಕೊಳ್ಳಬೇಕು. ಎರಡು ಸಾಲಾಗಿ ನಿಂತು ಸರದಿಯಲ್ಲಿ ಹಾಡುವಾಗ, ಚರಣ ಮುಗಿದ ಕೂಡಲೇ ಎದುರು ಸಾಲಿನವರು ತಡಮಾಡದೆ ಎತ್ತಿಕೊಳ್ಳಬೇಕು. ಹೊಸ ಗುಂಪುಗಳು ಸಾಮಾನ್ಯವಾಗಿ ಇದನ್ನು ತಿರುಗಾಮುರುಗಾ ಮಾಡುತ್ತವೆ: ನಡುವೆ ಓಟ, ಕೊನೆಯಲ್ಲಿ ವಿಶ್ರಾಂತಿ.

ಗಮಕವಂತೂ ಬೇಡವೇ ಬೇಡ. ಕರ್ನಾಟಕ ಸಂಗೀತ ಕಲಿತ ಗಂಟಲು ದೋ-ಸಿ ಕಂಡ ಕೂಡಲೇ ಅಲುಗಾಡಲು ಹವಣಿಸುತ್ತದೆ!

ಹಳೆಹಾಳೆ:
ಗ್ರೆಗೋರಿ ಪೋಪ್ ಆಗಿದ್ದು 590ರಿಂದ 604ರವರೆಗೆ. ಈಗ ಹಾಡುವ ರೂಪ ಹದಗೊಂಡಿದ್ದು ಅವರ ನಂತರ, ಎಂಟು-ಒಂಬತ್ತನೇ ಶತಮಾನದಲ್ಲಿ, ಅದೂ ರೋಮ್‌ನಲ್ಲಲ್ಲ, ಫ್ರಾಂಕರ ನಾಡಿನಲ್ಲಿ (ಇಂದಿನ ಫ್ರಾನ್ಸ್, ಜರ್ಮನಿ ಕಡೆ) ಅನ್ನುವುದು ಬಹುತೇಕ ವಿದ್ವಾಂಸರ ಮತ. 754ರಲ್ಲಿ ಪೋಪ್ ಎರಡನೇ ಸ್ಟೀಫನ್ ಫ್ರಾಂಕರ ದೊರೆ ಪೆಪಿನ್‌ಗೆ ಅಭಿಷೇಕ ಮಾಡಿದರು. ಆ ನಂಟಿನ ಬೆನ್ನಿಗೇ ರೋಮ್‌ನ ಪೂಜಾಕ್ರಮ, ಹಾಡು ಎರಡೂ ಅಲ್ಲಿ ಬೇರೂರಿದವು. 789ರಲ್ಲಿ ಪೆಪಿನ್‌ನ ಮಗ ಶಾರ್ಲಮೇನ್, ಪಾದ್ರಿಗಳು ರೋಮ್‌ನ ಗಾಯನ ಕಲಿಯಲೇಬೇಕೆಂದು ಆಜ್ಞೆ ಹೊರಡಿಸಿದ. ಸ್ಥಳೀಯ ಗ್ಯಾಲಿಕನ್ ಹಾಡಿನ ಜೊತೆ ಬೆರೆತು ಹುಟ್ಟಿದ್ದು ಇದು. ಪಾರಿವಾಳ ಗ್ರೆಗೋರಿಯ ಕಿವಿಯಲ್ಲಿ ಹಾಡು ಉಸುರುವ ಚಿತ್ರ 1000ನೇ ಇಸವಿಯ ಆಸುಪಾಸಿನ ಹಾರ್ಟ್‌ಕರ್ ಹಸ್ತಪ್ರತಿಯಲ್ಲಿದೆ. ಹೊಸ ಹಾಡಿಗೆ ಸಂತನ ಮುದ್ರೆ ಬಿದ್ದರೆ ಒಪ್ಪಿಗೆ ಸುಲಭ, ನೋಡಿ.

ಆರಂಭದ ಲಿಪಿಗೆ ಗೆರೆಗಳೇ ಇರಲಿಲ್ಲ. ಹಾಡು ಬಾಯಿಪಾಠ ಇದ್ದವರಿಗೆ ಅದು ಬರೀ ನೆನಪಿನ ಗುರುತು. ಹನ್ನೊಂದನೇ ಶತಮಾನದಲ್ಲಿ ಅರೆಝೋದ ಗ್ವಿದೋ ಗೆರೆಗಳ ಪದ್ಧತಿಗೆ ಒಂದು ಶಿಸ್ತು ತಂದ ಮೇಲೆ, ಕೇಳದ ಹಾಡನ್ನೂ ನೋಡಿ ಹಾಡುವುದು ಸಾಧ್ಯವಾಯಿತು.

ಮೆಲ್ಲುಸಿರು:
ಒಂದು ಎಚ್ಚರಿಕೆ. ಪುಸ್ತಕದಲ್ಲಿ ಗುರುತಿನ ಪಕ್ಕ ಚುಕ್ಕಿ, ತಲೆಯ ಮೇಲೆ ಅಡ್ಡಗೀಟು ಕಂಡರೆ ಅವು ಫ್ರಾನ್ಸ್‌ನ ಸೊಲೆಮ್ ಮಠದವರು ಸೇರಿಸಿದ್ದು. 1908ರ ವ್ಯಾಟಿಕನ್ ಮುದ್ರಣದಲ್ಲಿ ಇರಲಿಲ್ಲ. ಚುಕ್ಕಿಗೆ ಸುಮಾರು ಇಮ್ಮಡಿ ಕಾಲ. ಅಡ್ಡಗೀಟಿಗೆ ತುಸು ತಡೆದರೆ ಸಾಕು. ಅದೇ ಮಠದ ಸನ್ಯಾಸಿ ಕಾರ್ಡಿನ್ ಆಮೇಲೆ ಹಳೆಯ ಹಸ್ತಪ್ರತಿಗಳನ್ನು ಹೋಲಿಸಿ ಲಯಕ್ಕೆ ಬೇರೆ ದಾರಿ ತೋರಿಸಿದರು, ಆ ಜಗಳ ಇವತ್ತಿಗೂ ಇದೆ. ಆರು ಜನ ಒಟ್ಟಿಗೆ ಹಾಡುವಾಗ ಸದ್ಯಕ್ಕೆ ಚುಕ್ಕಿಗಳನ್ನೇ ನಂಬಿ, ಇಲ್ಲದಿದ್ದರೆ ಆರು ಲಯ ಆಗುತ್ತದೆ.

ಒಂದರ ಮೇಲೊಂದು ಎರಡು ಚೌಕ ಇದ್ದರೆ ಕೆಳಗಿನದು ಮೊದಲು. ಓರೆಯಾಗಿ ಇಳಿಯುವ ದಪ್ಪ ಪಟ್ಟಿಗೆ ಎರಡು ತುದಿಗಳ ಸ್ವರ ಮಾತ್ರ, ನಡುವೆ ಜಾರಿಸಬೇಡಿ.

ಶ್ರುತಿಪೆಟ್ಟಿಗೆ:
'ದೆಕ್ಸ್' ಸಂಗತಿ ಸ್ಪಷ್ಟವಾಯಿತು. ಬಲಿಪೂಜೆಗೂ (ಮಾಸ್) ಶುರು ಮಾಡುವುದಾದರೆ ಯಾವುದರಿಂದ?

ನಾಲ್ಕುಗೆರೆ:
1974ರಲ್ಲಿ ಆರನೇ ಪೌಲ್ ಹೊರತಂದ ಯೂಬಿಲಾತೆ ದೇಓ ಕಿರುಪುಸ್ತಕ ಹಿಡಿಯಿರಿ. ಅದರಲ್ಲಿ ಬಲಿಪೂಜೆಯ ಖಾಯಂ ಹಾಡುಗಳಾದ ಕೀರಿಯೆಯ 16ನೇ ಧಾಟಿ, ಸಾಂಕ್ತುಸ್ ಮತ್ತು ಆಞ್ಞುಸ್ ದೇಯಿಗಳ 18ನೇ ಧಾಟಿ ಇವೆ (ಇವು ಹಾಡುಪುಸ್ತಕದ ಕ್ರಮಸಂಖ್ಯೆ). ಮೂರೂ ಚಿಕ್ಕವು, ಜಿಗಿತ ಕಡಿಮೆ. ಪ್ರವೇಶ ಗೀತೆ, ಗ್ರಾದುವಾಲೆ (ವಾಚನದ ನಂತರದ ಹಾಡು) ಇತ್ಯಾದಿ ದಿನದಿನಕ್ಕೆ ಬದಲಾಗುವಂಥವು, ಈಗಲೇ ಮುಟ್ಟಬೇಡಿ. ತಪಸ್ಸುಕಾಲದ (ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ) ಭಾನುವಾರಗಳಲ್ಲಿ ಗ್ಲೋರಿಯಾ ಎಂಬ ಸ್ತುತಿಗೀತೆ ಇಲ್ಲ, ಅಲ್ಲೆಲೂಯ ಜಾಗಕ್ಕೆ ತ್ರಾಕ್ತುಸ್ ಎಂಬ ಬೇರೆ ಹಾಡು ಬರುತ್ತದೆ. ಅಭ್ಯಾಸದ ಪಟ್ಟಿ ಮಾಡುವಾಗ ಚರ್ಚಿನ ಪಂಚಾಂಗ ಪಕ್ಕದಲ್ಲಿರಲಿ.